ದೊಡ್ಡಪ್ಪನ ಕೇಪಿನ ಕೋವಿ: ನಳಿಗೆಯ ತುಕ್ಕು ಮತ್ತು ಮಸಿಯನ್ನು ತೆಗೆಯುವುದು ಹೇಗೆ?

ತೋಟದಂಚು (ತೀರ್ಥಹಳ್ಳಿ)
ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನವರ ಒಂಟಿ ನಳಿಗೆಯ ಕೇಪಿನ ಕೋವಿ (ಬಾಯಿಂದ ಮದ್ದು ತುಂಬಿ, ಬುಡದಲ್ಲಿ ಕೇಪೆಂಬ ಸಣ್ಣ ಸಿಡಿಟೋಪಿ ಇಟ್ಟು ಹೊಡೆಯುವಂಥದ್ದು) ಕಳೆದ ತಿಂಗಳು ನನ್ನ ಹೆಸರಿಗೆ ವರ್ಗವಾಗಿ ಮನೆಗೆ ಬಂದಿದೆ. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ವಾರಸುದಾರರ ಕಾಗದಪತ್ರಗಳು ಮುಗಿಯುವವರೆಗೆ ಅದು ಒಂದು ಅಂಗಡಿಯಲ್ಲಿ ಜಮೆಯಾಗಿತ್ತು. ಅಲ್ಲಿ ಅದನ್ನು ಯಾರೂ ಒಮ್ಮೆಯೂ ಒರೆಸಿದಂತೆ ಕಾಣುವುದಿಲ್ಲ. ಮರದ ಹಿಡಿ, ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ), ಹೊರಮೈ ಎಲ್ಲವೂ ಚೆನ್ನಾಗಿವೆ. ಆದರೆ ಗಜದ (ನಳಿಗೆಯೊಳಗೆ ಇಳಿಸುವ ಉದ್ದ ಕೋಲಿನ) ತುದಿಗೆ ಬಟ್ಟೆ ಸುತ್ತಿ ಇಳಿಸಿದರೆ ಅದು ಇಟ್ಟಿಗೆಪುಡಿಯಲ್ಲಿ ಅದ್ದಿದಂತೆ ಕೆಂಪಾಗಿ, ಅಲ್ಲಲ್ಲಿ ಹರಿದು ಮೇಲೆ ಬರುತ್ತದೆ. ಡಬ್ಲ್ಯೂಡಿ-40 ಹೊಡೆದು ತಿಕ್ಕಿದ್ದರಿಂದ ಕೆಂಪು ಹೋಗಲಿಲ್ಲ, ಬದಲಿಗೆ ಡಾಂಬರಿನಂತಹ ಕಪ್ಪು ಅಂಟು ಹೊರಬಂತು. ಮುಂದೆ ಏನು ಮಾಡಬೇಕೆಂದು ಅನುಭವವಿರುವವರು ತಿಳಿಸಿಕೊಡಬೇಕಾಗಿ ವಿನಂತಿ.

ಹುಳಿಮಜ್ಜಿಗೆ (ಕೊಪ್ಪ)
ಇದಕ್ಕೆ ಇಷ್ಟು ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ. ಹುಣಸೆಹಣ್ಣನ್ನೋ ವಾಟೆಹುಳಿಯನ್ನೋ ಗಟ್ಟಿಯಾಗಿ ಕಿವುಚಿ ನಳಿಗೆಯ ತುಂಬ ಹೊಯ್ದು ಒಂದು ರಾತ್ರಿ ಬಿಡಿ, ಬೆಳಿಗ್ಗೆ ಚೆಲ್ಲಿ ನಳಿಗೆಯನ್ನು ಒಲೆಯ ಕೆಂಡದ ಮೇಲೆ ಹಿಡಿದು ಒಣಗಿಸಿ, ಕೊಬ್ಬರಿ ಎಣ್ಣೆ ಹಚ್ಚಿ. ನಮ್ಮ ಅಜ್ಜ ಹೀಗೆಯೇ ಮಾಡುತ್ತಿದ್ದರು.

ರಸಾಯನದ ಮೇಷ್ಟ್ರು (ಶಿವಮೊಗ್ಗ)
ಹುಳಿಮಜ್ಜಿಗೆಯವರೇ, ಹಿತ್ತಾಳೆಯ ಚೊಂಬಿಗೆ ಹೇಳುವ ಔಷಧವನ್ನು ಉಕ್ಕಿನ ನಳಿಗೆಗೆ ಹೇಳುತ್ತಿದ್ದೀರಿ. ಹುಳಿ ತುಕ್ಕನ್ನು ಕರಗಿಸುತ್ತದೆ ಎಂಬುದು ನಿಜ, ಆದರೆ ತುಕ್ಕು ಮುಗಿದ ಮೇಲೆ ಅದು ಸುಮ್ಮನಿರದೆ ಕೆಳಗಿನ ಕಬ್ಬಿಣವನ್ನೂ ತಿನ್ನತೊಡಗುತ್ತದೆ, ಗುಳಿಗಳಲ್ಲಿ ಉಳಿದುಕೊಂಡ ಹುಳಿ ಮರುದಿನವೇ ಹೊಸ ತುಕ್ಕನ್ನು ಎಬ್ಬಿಸುತ್ತದೆ.

ತೋಟದಂಚು ಅವರು ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು, ಅವರ ನಳಿಗೆಯಲ್ಲಿರುವುದು ಎರಡು ಬೇರೆ ಬೇರೆ ಕೊಳೆಗಳು ಎಂಬುದನ್ನು. ಒಂದು ತುಕ್ಕು, ಇನ್ನೊಂದು ಮದ್ದಿನ ಕಿಟ್ಟ. ಕೋವಿಮದ್ದು ಎಂದರೆ ಸುಮಾರು ನೂರಕ್ಕೆ 75 ಪಾಲು ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), 15 ಪಾಲು ಇದ್ದಿಲು, 10 ಪಾಲು ಗಂಧಕ. ಅದು ಸುಟ್ಟಾಗ ಎಲ್ಲವೂ ಹೊಗೆಯಾಗಿ ಹೋಗುವುದಿಲ್ಲ, ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಘನವಸ್ತುವಾಗಿಯೇ ಉಳಿಯುತ್ತದೆ. ಅದರಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್, ಸಲ್ಫೇಟ್, ಸಲ್ಫೈಡ್ ಮುಂತಾದ ಲವಣಗಳೇ ಮುಖ್ಯ. ಕಾರ್ಬೊನೇಟಂತೂ ಗಾಳಿಯ ತೇವವನ್ನು ಹೀರಿಕೊಳ್ಳುವುದರಲ್ಲಿ ಎತ್ತಿದ ಕೈ, ಆದ್ದರಿಂದ ಮಲೆನಾಡಿನ ಮಳೆಗಾಲದಲ್ಲಿ ತೊಳೆಯದ ನಳಿಗೆಯೆಂದರೆ ಒಳಗೆ ಒದ್ದೆ ಉಪ್ಪು ಮೆತ್ತಿಟ್ಟಂತೆ. ಕೇಪಿನ ವಿಷಯವೂ ಹಾಗೆಯೇ, ಹಳೆಯ ಬಗೆಯ ಕೇಪುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ, ಸಿಡಿದ ಮೇಲೆ ಅದು ಅಡುಗೆ ಉಪ್ಪಿನ ಸೋದರನಂತಹ ಕ್ಲೋರೈಡ್ ಆಗಿ ಉಳಿಯುತ್ತದೆ.

ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ನೀವು ಎಣ್ಣೆ ಹೊಡೆದಾಗ ಬಂದ ಡಾಂಬರು ಎಂದರೆ ಕಿಟ್ಟವೂ ಎಣ್ಣೆಯೂ ಕಲಸಿದ ಹಿಟ್ಟು. ಮೊದಲು ಬಿಸಿನೀರು ಮತ್ತು ಸೋಪು, ಆಮೇಲೆ ಪೂರ್ತಿ ಒಣಗಿಸುವುದು, ಕೊನೆಗೆ ಎಣ್ಣೆ: ಈ ಕ್ರಮ ತಪ್ಪಬಾರದು. ತೊಳೆದ ನೀರು ಕೊಳೆತ ಮೊಟ್ಟೆಯಂತೆ ನಾರಿದರೆ ಗಾಬರಿಪಡಬೇಡಿ, ಅದು ಸಲ್ಫೈಡಿನ ವಾಸನೆ.

ಹುಳಿಮಜ್ಜಿಗೆ (ಕೊಪ್ಪ)
ಮೇಷ್ಟ್ರೇ, ಅಜ್ಜನ ಕೋವಿ ಇವತ್ತಿಗೂ ನಮ್ಮ ಮನೆಯಲ್ಲಿದೆ ಮತ್ತು ಇವತ್ತಿಗೂ ಈಡು ಹಾರುತ್ತದೆ. ಇದಕ್ಕೇನು ಹೇಳುತ್ತೀರಿ?

ರಸಾಯನದ ಮೇಷ್ಟ್ರು (ಶಿವಮೊಗ್ಗ)
ನಿಮ್ಮ ಅಜ್ಜನ ನಳಿಗೆಗೆ ಬಹಳ ತಾಳ್ಮೆ ಇತ್ತೆಂದು ಹೇಳುತ್ತೇನೆ.

ಘಟ್ಟದ ಕೆಳಗಿನವ (ಸುಳ್ಯ)
ಮೇಷ್ಟ್ರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ, ಏಕೆಂದರೆ ಈ ಪಾಠವನ್ನು ನಾನು ದಂಡ ತೆತ್ತು ಕಲಿತವನು. 2024ರ ಲೋಕಸಭಾ ಚುನಾವಣೆಗೆ ಮುಂಚೆ ಎಲ್ಲರಂತೆ ನಾನೂ ಕೋವಿಯನ್ನು ಠೇವಣಿ ಇಡಬೇಕಾಯಿತು. ಹಿಂದಿನ ದಿನ ಸಂಜೆಯಷ್ಟೇ ಮಂಗಗಳನ್ನು ಹೆದರಿಸಲು ಎರಡು ಬರೀ ಮದ್ದಿನ ಈಡು ಹೊಡೆದಿದ್ದೆ. ಬಂದ ಮೇಲೆ ತೊಳೆದರಾಯಿತೆಂದು ಎಣ್ಣೆ ಬಟ್ಟೆಯಿಂದ ಒಮ್ಮೆ ಒರೆಸಿ ಹಾಗೆಯೇ ಕೊಟ್ಟುಬಿಟ್ಟೆ. ಜೂನ್ ತಿಂಗಳಲ್ಲಿ ಮರಳಿ ತರುವಾಗ ಮಳೆ ಶುರುವಾಗಿತ್ತು, ನಳಿಗೆಯೊಳಗೆ ಕೆಮ್ಮಣ್ಣಿನ ಕೆರೆಯೇ ಆಗಿತ್ತು. ಇಟ್ಟುಕೊಂಡವರನ್ನು ದೂರಿ ಪ್ರಯೋಜನವಿಲ್ಲ, ನೂರಾರು ಕೋವಿಗಳನ್ನು ಒಂದೇ ಕೋಣೆಯಲ್ಲಿ ಒರಗಿಸಿಟ್ಟವರು ನಮ್ಮ ನಳಿಗೆಗೆ ಎಣ್ಣೆ ಹಚ್ಚುತ್ತಾರೆಯೇ?

ಹಳೆ ಹವಾಲ್ದಾರ (ಹಾಸನ)
ಎಲ್ಲರೂ ನೀರು, ಹುಳಿ, ಎಣ್ಣೆ ಎನ್ನುತ್ತಿದ್ದೀರಿ. ಯಾರೂ ಮೊದಲ ಪ್ರಶ್ನೆಯನ್ನೇ ಕೇಳಿಲ್ಲ. ಆ ಕೋವಿ ಖಾಲಿಯಾಗಿದೆಯೆಂದು ನಿಮಗೆ ಹೇಗೆ ಗೊತ್ತು?

ತೋಟಾ ಕೋವಿಯಾದರೆ ನಳಿಗೆಯನ್ನು ಬುಡದಲ್ಲಿ ಮಡಚಿ ತೆರೆದು ನೋಡಬಹುದು, ಕೇಪಿನ ಕೋವಿಯಲ್ಲಿ ಹಾಗೆ ನೋಡುವ ದಾರಿಯೇ ಇಲ್ಲ. ಒಣಗಿರುವ ಕಪ್ಪು ಮದ್ದು ಹಾಲಿನಂತೆ ಕೆಡುವ ವಸ್ತುವಲ್ಲ, ಹತ್ತಾರು ವರ್ಷ ನಳಿಗೆಯಲ್ಲಿ ಕುಳಿತಿದ್ದರೂ ಕಿಡಿ ತಗುಲಿದರೆ ಹಾರುತ್ತದೆ. ನಿಪ್ಪಲ್ (ಕೇಪು ಕೂರಿಸುವ ತೂತಿನ ಮೊಳೆ) ಮೇಲೆ ಕೇಪು ಇಲ್ಲವೆಂದು ಕಣ್ಣಾರೆ ನೋಡಿಕೊಳ್ಳಿ. ನಳಿಗೆಯ ಬಾಯಿಗೆ ಮುಖವನ್ನೂ ಅಂಗೈಯನ್ನೂ ಒಡ್ಡದೆ ಗಜವನ್ನು ನಿಧಾನವಾಗಿ ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಸರಿಯಾಗಿ ಗಜದ ಮೇಲೆ ಸೀಸದಕಡ್ಡಿಯಿಂದ ಗುರುತು ಹಾಕಿ. ಅದೇ ಗಜವನ್ನು ಹೊರತೆಗೆದು, ಗುರುತು ಬಾಯಿಯ ಮಟ್ಟಕ್ಕೇ ಬರುವಂತೆ ನಳಿಗೆಯ ಹೊರಮೈಗೆ ಒತ್ತಿ ಹಿಡಿದರೆ, ಅದರ ತುದಿ ಹೆಚ್ಚುಕಡಿಮೆ ನಿಪ್ಪಲ್ಲಿನ ನೇರಕ್ಕೆ ಬರಬೇಕು. ಬಾರದಿದ್ದರೆ ಒಳಗೆ ಏನೋ ಕುಳಿತಿದೆಯೆಂದು ಅರ್ಥ. ಇದನ್ನು ಮಾಡುವವರೆಗೆ ಕೋವಿಯನ್ನು ಮುಟ್ಟಬೇಡಿ, ಕೆಂಡದ ಮಾತನ್ನಂತೂ ಎತ್ತಲೇಬೇಡಿ.

ತೋಟದಂಚು (ತೀರ್ಥಹಳ್ಳಿ)
ಹವಾಲ್ದಾರರೇ, ಈಗಲೇ ನೋಡಿ ತಿಳಿಸುತ್ತೇನೆ.

ಪೆನ್ಸಿಲ್ವೇನಿಯಾದ ಕನ್ನಡಿಗ
ಅವರು ನೋಡಿ ಬರುವಷ್ಟರಲ್ಲಿ ನನ್ನದೊಂದು ಮಾತು. ಇಲ್ಲಿ ಕ್ರಿಸ್‌ಮಸ್ ಮರುದಿನದಿಂದ ಜಿಂಕೆ ಬೇಟೆಗೆ ಕಲ್ಲಿನ ಕಿಡಿಯ ಕೋವಿಗೆಂದೇ ಮೀಸಲಾದ ಋತುವೊಂದು ಶುರುವಾಗುತ್ತದೆ, ಹಾಗಾಗಿ ಬಾಯಿಂದ ತುಂಬುವ ರೈಫಲ್‌ಗಳು ಹಳೆಯ ಸಾಮಾನಿನ ಮಳಿಗೆಗಳಲ್ಲಿಯೂ ಸಿಗುತ್ತವೆ. ನಾನು ಕೊಂಡ ಅರ್ಧ ಅಂಗುಲ ಬಾಯಿಯ ಹಳೆಯ ರೈಫಲ್ ನಿಮ್ಮದಕ್ಕಿಂತ ಕೆಟ್ಟ ಸ್ಥಿತಿಯಲ್ಲಿತ್ತು. ನಿಮ್ಮ ಕೋವಿಯ ಒಳಮೈ ನುಣುಪು, ಆದ್ದರಿಂದ ಬಟ್ಟೆಯೇ ಸಾಕಾಗಬಹುದು. ನನ್ನದರಲ್ಲಿ 48 ಅಂಗುಲಕ್ಕೆ ಒಂದು ಸುತ್ತು ತಿರುಗುವ ಗೀರುಗಳಿದ್ದು, ಕಿಟ್ಟವೆಲ್ಲ ಆ ಗೀರುಗಳ ಮೂಲೆಯಲ್ಲಿ ಅಡಗಿ ಕೂರುತ್ತದೆ, ಬಟ್ಟೆ ಅದರ ಮೇಲೆ ಜಾರಿ ಹೋಗುತ್ತದೆ.

ಕಂಚಿನ ತಂತಿಯ ಕುಂಚವನ್ನು ಬಳಸುವವರಿಗೆ ಎಚ್ಚರಿಕೆ. ತೋಟಾ ರೈಫಲ್‌ನಲ್ಲಿ ಕುಂಚ ಈ ಕಡೆಯಿಂದ ಹೊಕ್ಕು ಆ ಕಡೆ ಹೊರಬರುತ್ತದೆ. ಇಲ್ಲಿ ಬುಡ ಮುಚ್ಚಿರುವುದರಿಂದ ಕುಂಚ ಒಳಗೇ ದಿಕ್ಕು ಬದಲಿಸಬೇಕು, ಕೂದಲುಗಳು ಹಿಮ್ಮುಖವಾಗಿ ಸೆಟೆದು ನಿಂತುಬಿಡುತ್ತವೆ. ಮೊದಲ ದಿನವೇ ನನ್ನದು ಸಿಕ್ಕಿಕೊಂಡಿತು, ಎಳೆದ ರಭಸಕ್ಕೆ ಗಜದ ತುದಿಯೇ ಕಳಚಿ ಬಂದು ಕುಂಚ ತಳದಲ್ಲಿ ಉಳಿಯಿತು. ಗಜವನ್ನು ಬಲಕ್ಕೆ ತಿರುಗಿಸುತ್ತಾ ಎಳೆದರೆ ಕೂದಲುಗಳು ಮಡಚಿಕೊಂಡು ಬರುತ್ತವೆಂದು ಗೊತ್ತಾದದ್ದು ಆಮೇಲೆ. ಎಡಕ್ಕೆ ತಿರುಗಿಸಿದಿರೋ, ಕುಂಚದ ಸ್ಕ್ರೂ ಬಿಚ್ಚಿಕೊಳ್ಳುತ್ತದೆ. ಕಬ್ಬಿಣದ ಗಜವಾದರೆ ಬಾಯಿಯ ಅಂಚಿಗೆ ಉಜ್ಜದಂತೆಯೂ ನೋಡಿಕೊಳ್ಳಿ, ರೈಫಲ್‌ನ ಗುರಿ ನಿಂತಿರುವುದೇ ಆ ಅಂಚಿನ ಮೇಲೆ.

ತೋಟದಂಚು (ತೀರ್ಥಹಳ್ಳಿ)
ನೋಡಿ ಬಂದೆ. ಕೈ ಸ್ವಲ್ಪ ನಡುಗುತ್ತಿದೆ. ಹೊರಗೆ ಹಿಡಿದಾಗ ಗಜದ ತುದಿ ನಿಪ್ಪಲ್ಲಿಗಿಂತ ನಾಲ್ಕೂವರೆ ಅಂಗುಲ ಮುಂಚೆಯೇ ನಿಲ್ಲುತ್ತದೆ. ಮೂರು ಬಾರಿ ಅಳೆದರೂ ಅಷ್ಟೇ. ಮೊನ್ನೆಯೆಲ್ಲ ನಾನು ಇದೇ ನಳಿಗೆಯ ಬಾಯಿಗೆ ಟಾರ್ಚು ಹಿಡಿದು, ಕಣ್ಣು ಕೀಲಿಸಿ ಕುಳಿತಿದ್ದೆ.

ಹುಳಿಮಜ್ಜಿಗೆ (ಕೊಪ್ಪ)
ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರಬಹುದಲ್ಲವೇ? ನಾಲ್ಕು ವರ್ಷ ಸುಮ್ಮನೆ ನಿಂತಿದ್ದ ನಳಿಗೆ. ಈಡೇ ಆಗಿದ್ದರೂ ಏನಂತೆ, ಕೋವಿಯನ್ನು ಮರಕ್ಕೆ ಕಟ್ಟಿ, ಕೇಪು ಹಾಕಿ, ಕುದುರೆಗೆ ಹಗ್ಗ ಕಟ್ಟಿ ದೂರದಿಂದ ಎಳೆದುಬಿಟ್ಟರೆ ಮುಗಿಯಿತು.

ಹಳೆ ಹವಾಲ್ದಾರ (ಹಾಸನ)
ದಯವಿಟ್ಟು ಆ ಕೆಲಸ ಮಾಡಬೇಡಿ. ಒಳಗೆ ಎಷ್ಟು ಮದ್ದಿದೆ, ಒಂದು ಈಡಿದೆಯೋ ಒಂದರ ಮೇಲೊಂದು ಎರಡಿವೆಯೋ ಗೊತ್ತಿಲ್ಲ. ಕತ್ತ (ಮದ್ದು ಅಲುಗದಂತೆ ಮೇಲೆ ಬಿಗಿದು ತುರುಕುವ ತೆಂಗಿನ ನಾರು) ತುಕ್ಕಿನೊಂದಿಗೆ ಗಟ್ಟಿಯಾಗಿ ಅಂಟಿಕೊಂಡಿದೆಯೋ ಗೊತ್ತಿಲ್ಲ. ಮೇಲೆ ನಿಜವಾಗಿಯೂ ಕುಂಬಾರ ಹುಳದ ಮಣ್ಣಿದ್ದರೆ ಇನ್ನೂ ಅಪಾಯ, ಏಕೆಂದರೆ ಬಾಯಿ ಕಟ್ಟಿದ ನಳಿಗೆಯೊಳಗಿನ ಒತ್ತಡ ಬುಡವನ್ನು ಸೀಳಿಕೊಂಡು ಹೊರಬರುತ್ತದೆ. ಗೂಡಾಗಿದ್ದರೆ ಗಜ ತಗುಲಿದಾಗ ಒಣ ಮಣ್ಣು ಉದುರಬೇಕಿತ್ತು, ಸ್ಪ್ರಿಂಗಿನಂತೆ ಮೆತ್ತಗೆ ತಡೆದರೆ ಅದು ಕತ್ತವೇ ಇರಬೇಕು.

ಮೊದಲು ಬಾಯಿಯಿಂದ ನೀರು ಹೊಯ್ದು ಇಡೀ ದಿನ ನೆನೆಯಲು ಬಿಡಿ, ನೀರು ನಿಪ್ಪಲ್ಲಿನ ತೂತಿನಿಂದ ಜಿನುಗಿದರೆ ಮದ್ದಿನವರೆಗೂ ಹೋಗಿದೆಯೆಂದು ತಿಳಿಯಬಹುದು. ನೆನೆದ ಮದ್ದು ಒಣಗಿದರೆ ಮತ್ತೆ ಜೀವ ಬರುತ್ತದೆ, ಆದ್ದರಿಂದ ಒಣಗಲು ಬಿಡದೆ ಪರವಾನಗಿ ಇರುವ ಕೋವಿ ರಿಪೇರಿಯವರನ್ನು ಸಂಪರ್ಕಿಸಿ, ಒಳಗೆ ಈಡಿದೆಯೆಂದು ಮೊದಲೇ ತಿಳಿಸಿ. ಗಜದ ತುದಿಗೆ ಹಾಕುವ ತಿರುಪು ಮೊಳೆ ಅವರ ಬಳಿ ಇರುತ್ತದೆ, ಕತ್ತವನ್ನು ಅದರಿಂದ ಚುಚ್ಚಿ ಎಳೆದು ತೆಗೆಯುತ್ತಾರೆ.

ಕಾಗದಪತ್ರ (ಬೆಂಗಳೂರು)
ಒಂದು ಸಣ್ಣ ಸೇರ್ಪಡೆ. ನಮ್ಮ ಕೋವಿಯನ್ನು ನಾವು ತೊಳೆದು ಎಣ್ಣೆ ಹಚ್ಚಿಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಮಾರಾಟದಂತೆ ರಿಪೇರಿಯ ಕಸುಬಿಗೂ ಪರವಾನಗಿ ಬೇಕು, ಆದ್ದರಿಂದ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಬುಡ ಬಿಚ್ಚಿಸುವ ಯೋಚನೆ ಬೇಡ.

ಕಕ್ಕಡ ಮಳೆ (ಮಡಿಕೇರಿ)
ನಮ್ಮ ಕೊಡಗಿನಲ್ಲಿ 1861ರಿಂದಲೂ ಕೋವಿಗೆ ವಿನಾಯಿತಿ ಇದೆ, ಈಗಿನದು 2029ರವರೆಗೆ ನಡೆಯುತ್ತದೆ. ಆದರೆ ವಿನಾಯಿತಿ ಪರವಾನಗಿಗೆ ಮಾತ್ರ, ತುಕ್ಕಿಗಿಲ್ಲ. ನಾಟಿಯ ಕಾಲವೆಲ್ಲ ದೇವರ ಕೋಣೆಯಲ್ಲಿ ಸುಮ್ಮನಿದ್ದ ಕೋವಿಗಳು ಸೆಪ್ಟೆಂಬರ್ 3ರ ಸುಮಾರಿಗೆ ಬರುವ ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಹೊರಬರುತ್ತವೆ. ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆಗಿಡುವ ಮುನ್ನ ಅವುಗಳನ್ನು ಶುಚಿ ಮಾಡುವುದು ನಮ್ಮ ಮನೆಯಲ್ಲಿ ಹುಡುಗರ ಕೆಲಸ. ಚಿಕ್ಕಂದಿನಲ್ಲಿ ನಾನು ತಾತನಿಗೆ ಒಂದು ನಳಿಗೆಯನ್ನು ಒರೆಸಿ ತೋರಿಸಿದರೆ, ಅವರು ಕಿರುಬೆರಳನ್ನು ಬಾಯಿಯೊಳಗೆ ಒಂದು ಸುತ್ತು ತಿರುಗಿಸಿ ಬಿಳಿ ಪಂಚೆಯ ಅಂಚಿಗೆ ಒರೆಸುತ್ತಿದ್ದರು, ಪಂಚೆಯ ಮೇಲೆ ಗೆರೆ ಮೂಡಿದರೆ ಮತ್ತೆ ಬಚ್ಚಲಿಗೆ ಹೋಗಬೇಕಾಗುತ್ತಿತ್ತು.

ಅದಿರಲಿ, ಪೂಜೆಯಾದ ಮೇಲೆ ನಳಿಗೆಯ ಮೇಲಿನ ಗಂಧ ಕುಂಕುಮವನ್ನು ಒರೆಸಲು ಮರೆಯಬೇಡಿ. ನಮ್ಮ ಒಂದು ಕೋವಿಯ ಹೊರಮೈಯಲ್ಲಿ ಮೂರು ಬೆರಳಿನ ಗುರುತು ತುಕ್ಕಿನಲ್ಲಿಯೇ ಅಚ್ಚಾಗಿದೆ.

ತೋಟದಂಚು (ತೀರ್ಥಹಳ್ಳಿ)
ಹತ್ತು ದಿನದ ನಂತರ ಬರೆಯುತ್ತಿದ್ದೇನೆ, ತಡವಾದುದಕ್ಕೆ ಕ್ಷಮೆಯಿರಲಿ. ಹವಾಲ್ದಾರರು ಹೇಳಿದಂತೆ ನೀರು ಹೊಯ್ದೆ, ಸಂಜೆಯ ಹೊತ್ತಿಗೆ ನಿಪ್ಪಲ್ಲಿನ ತೂತಿನಿಂದ ಶಾಯಿಯಂತಹ ಹನಿಯೊಂದು ಇಳಿಯಿತು. ಮೊದಲೇ ಫೋನಿನಲ್ಲಿ ತಿಳಿಸಿ, ಬಾಯಿಗೆ ಒದ್ದೆ ಬಟ್ಟೆ ತುರುಕಿ, ಪರವಾನಗಿ ಪುಸ್ತಕದೊಂದಿಗೆ ರಿಪೇರಿಯವರ ಬಳಿಗೆ ಒಯ್ದೆ. ಅವರು ತಿರುಪು ಮೊಳೆಯಿಂದ ಮೊದಲು ಒಂದು ಉಂಡೆ ತೆಂಗಿನ ಕತ್ತವನ್ನು ಎಳೆದರು. ಅದು ತುಕ್ಕಿನಲ್ಲಿ ನೆನೆದು ಕಾಚು ಹಚ್ಚಿದ ಹಗ್ಗದ ತುಂಡಿನಂತಿತ್ತು. ಅನಂತರ ಚರೆಗಳು (ಸೀಸದ ಸಣ್ಣ ಗುಂಡುಗಳು) ಬಿಳಿಚಿಕೊಂಡು ಉದುರಿದವು, ಮತ್ತೊಂದು ಉಂಡೆ ಕತ್ತ ಬಂತು, ಕೊನೆಗೆ ಕಪ್ಪು ಕೆಸರು. ಮನೆಯಲ್ಲಿ ಹೇಳಿದಾಗ ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಸ್ಪತ್ರೆಗೆ ಹೋಗುವ ಹಿಂದಿನ ರಾತ್ರಿ ಅಡಿಕೆ ತೋಟಕ್ಕೆ ಹಂದಿ ಬಂದಿತ್ತು, ತುಂಬಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದರು" ಎಂದರು.

ಹಾಗಾದರೆ ಆ ಕೋವಿ ಈಡು ಸಮೇತ ಜಮೆಯಾಗಿ, ಈಡು ಸಮೇತವೇ ನಾಲ್ಕು ವರ್ಷ ಅಲ್ಲಿದ್ದು, ಸಹಿ ಹಾಕಿಸಿಕೊಂಡು ಈಡು ಸಮೇತವೇ ನನ್ನ ಕೈಗೆ ಬಂದಿದೆ. ಇದನ್ನು ಯೋಚಿಸಿದರೆ ರಾತ್ರಿ ನಿದ್ದೆ ಬರುವುದಿಲ್ಲ.

ಆಮೇಲೆ ಮೇಷ್ಟ್ರ ಕ್ರಮದಲ್ಲಿಯೇ ತೊಳೆದೆ. ನಿಪ್ಪಲ್ ಬಿಚ್ಚಿ, ನಳಿಗೆಯ ಬುಡವನ್ನು ಸೋಪಿನ ಬಿಸಿನೀರಿನ ಬಕೆಟ್ಟಿನಲ್ಲಿ ನಿಲ್ಲಿಸಿ, ಗಜಕ್ಕೆ ಬಿಗಿಯಾಗಿ ಬಟ್ಟೆ ಸುತ್ತಿ ಮೇಲೆ ಕೆಳಗೆ ಆಡಿಸಿದರೆ ಸೈಕಲ್ ಪಂಪಿನಂತೆ ನೀರನ್ನು ತಾನೇ ಎಳೆದು ತಾನೇ ಉಗುಳುತ್ತದೆ. ಏಳು ಬಕೆಟ್ಟುಗಳಾದ ಮೇಲೆ ನೀರು ತಿಳಿಯಾಯಿತು. ಮೊಟ್ಟೆಯ ವಾಸನೆಯೂ ಬಂತು. ಆದರೆ ಕೆಂಪು ತುಕ್ಕು ಇನ್ನೂ ಇದೆ, ಬುಡದಿಂದ ನಾಲ್ಕೂವರೆ ಅಂಗುಲದ ಹತ್ತಿರ ಬಳೆಯಂತೆ ಸುತ್ತಲೂ ಒರಟಾಗಿ ತಗಲುತ್ತದೆ.

ರಸಾಯನದ ಮೇಷ್ಟ್ರು (ಶಿವಮೊಗ್ಗ)
ಆ ಬಳೆ ಇರುವುದು ಮೇಲಿನ ಕತ್ತ ಕುಳಿತಿದ್ದ ಜಾಗದಲ್ಲಿಯೇ. ನಾಲ್ಕು ಮಳೆಗಾಲ ಒದ್ದೆ ನಾರನ್ನು ಉಕ್ಕಿಗೆ ಒತ್ತಿ ಹಿಡಿದರೆ ಇನ್ನೇನಾಗುತ್ತದೆ? ಉಳಿದ ತುಕ್ಕಿಗೆ ವಾಷಿಂಗ್ ಸೋಡಾದ ವಿದ್ಯುತ್ ವಿಧಾನ ಒಳ್ಳೆಯದು, ಏಕೆಂದರೆ ಅದು ತುಕ್ಕನ್ನು ಸಡಿಲಿಸುತ್ತದೆಯೇ ಹೊರತು ಉಕ್ಕನ್ನು ತಿನ್ನುವುದಿಲ್ಲ. ನಿಪ್ಪಲ್ಲಿನ ತೂತನ್ನು ಮುಚ್ಚಿ, ಲೀಟರಿಗೆ ಒಂದು ಚಮಚ ಸೋಡಾ ಕರಗಿಸಿದ ನೀರನ್ನು ನಳಿಗೆಗೆ ತುಂಬಿ, ನಡುವೆ ಎಲ್ಲಿಯೂ ತಾಗದಂತೆ ಒಂದು ಸಾದಾ ಕಬ್ಬಿಣದ ಸರಳನ್ನು ನಿಲ್ಲಿಸಿ. 12 ವೋಲ್ಟಿನ ಋಣ ತಂತಿ ನಳಿಗೆಗೆ, ಧನ ತಂತಿ ಸರಳಿಗೆ. ಅದಲುಬದಲಾದರೆ ಸರಳು ಉಳಿದು ನಳಿಗೆ ಸವೆಯುತ್ತದೆ. ಸ್ಟೇನ್‌ಲೆಸ್ ಸರಳು ಬೇಡ, ಅದರ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗಿಳಿಯುತ್ತದೆ. ಹೈಡ್ರೋಜನ್ ಏಳುವುದರಿಂದ ಬಯಲಿನಲ್ಲಿ ಮಾಡಿ, ಬೀಡಿ ಸೇದುವವರನ್ನು ದೂರವಿಡಿ.

ಪೆನ್ಸಿಲ್ವೇನಿಯಾದ ಕನ್ನಡಿಗ
ಮೇಷ್ಟ್ರೇ, ವಿಧಾನ ಸರಿ, ಆದರೆ ಮೊದಲ ಸಲವೇ ಅಷ್ಟು ದೂರ ಹೋಗಬೇಕೇ? ಸೀಮೆಎಣ್ಣೆಯಲ್ಲಿ ಎರಡು ದಿನ ನೆನೆಸಿ, ಅತಿ ನಯವಾದ ಉಕ್ಕಿನ ನಾರನ್ನು ಹಳೆಯ ಕುಂಚಕ್ಕೆ ಸುತ್ತಿ ತಿಕ್ಕಿದರೆ ನನ್ನ ರೈಫಲ್‌ನ ತುಕ್ಕಿನ ಮುಕ್ಕಾಲು ಪಾಲು ಹೋಯಿತು. ಯಾರಾದರೂ ಇಂಜಿನ್ ವಾಲ್ವ್ ತಿಕ್ಕುವ ಪೇಸ್ಟ್ ಹಾಕಿ ಎಂದರೆ ಮಾತ್ರ ಕೇಳಬೇಡಿ, ಅದು ತುಕ್ಕಿನ ಜೊತೆ ನಳಿಗೆಯನ್ನೂ ಅಗಲ ಮಾಡುತ್ತದೆ. ಗುಳಿಗಳನ್ನಂತೂ ಯಾವ ವಿಧಾನವೂ ತುಂಬಿಕೊಡುವುದಿಲ್ಲ.

ಘಟ್ಟದ ಕೆಳಗಿನವ (ಸುಳ್ಯ)
ಬಿಸಿನೀರು ಹಾಕಿದ ಕೂಡಲೇ ನಳಿಗೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದಲ್ಲ, ಅದಕ್ಕೇನು ಮಾಡುತ್ತೀರಿ? ನಾನು ಉಗುರುಬೆಚ್ಚಗಿನ ನೀರಿಗೆ ಇಳಿದುಬಿಟ್ಟಿದ್ದೇನೆ.

ರಸಾಯನದ ಮೇಷ್ಟ್ರು (ಶಿವಮೊಗ್ಗ)
ಪೊಟ್ಯಾಸಿಯಂ ಸಲ್ಫೇಟ್ ತಣ್ಣೀರಿಗಿಂತ ಕುದಿನೀರಿನಲ್ಲಿ ಎರಡು ಪಟ್ಟು ಹೆಚ್ಚು ಕರಗುತ್ತದೆ, ಹಳೆಯ ಕಿಟ್ಟಕ್ಕೆ ಬಿಸಿನೀರೇ ಬೇಕು. ಅದೇ ದಿನ ಹೊಡೆದ ಕೋವಿಗೆ ನಿಮ್ಮ ಉಗುರುಬೆಚ್ಚಗಿನ ನೀರು ಸಾಕು, ಅಲ್ಲಿ ನಾನು ಸೋತೆ.

ತೋಟದಂಚು (ತೀರ್ಥಹಳ್ಳಿ)
ಸೀಮೆಎಣ್ಣೆ ಮತ್ತು ಉಕ್ಕಿನ ನಾರಿನಿಂದಲೇ ಕೆಂಪು ಹೋಯಿತು, ಸೋಡಾದವರೆಗೆ ಹೋಗಲಿಲ್ಲ. ಮೊಬೈಲಿಗೆ ಜೋಡಿಸುವ ಸಣ್ಣ ತಂತಿ ಕ್ಯಾಮೆರಾವನ್ನು ಇಳಿಸಿ ನೋಡಿದೆ. ಬಳೆಯ ಜಾಗದಲ್ಲಿ ರಾಗಿಕಾಳಿನಷ್ಟು ಅಗಲದ ಗುಳಿಗಳು ಒತ್ತೊತ್ತಾಗಿವೆ. ರಿಪೇರಿಯವರು ಅದೇ ಚಿತ್ರವನ್ನು ನೋಡಿ, ಮದ್ದಿನ ಒತ್ತಡ ಅತಿ ಹೆಚ್ಚಿರುವುದು ಬುಡದ ಆ ಭಾಗದಲ್ಲಿಯೇ ಆದ್ದರಿಂದ ಈ ನಳಿಗೆಯಲ್ಲಿ ಈಡು ಹೊಡೆಯಬಾರದೆಂದು ಖಡಾಖಂಡಿತವಾಗಿ ಹೇಳಿದರು. ಹಾಗಾಗಿ ಹೊಡೆಯುವುದಿಲ್ಲ. ಇಡುವುದು ಹೇಗೆಂದು ಹೇಳಿ. ದೊಡ್ಡಪ್ಪ ಒಲೆಯ ಮೇಲಿನ ಅಟ್ಟದ ಪಕ್ಕಕ್ಕೆ ತೂಗುಹಾಕುತ್ತಿದ್ದರು.

ಕಕ್ಕಡ ಮಳೆ (ಮಡಿಕೇರಿ)
ಅಟ್ಟದ ಬಿಸಿ ಒಳ್ಳೆಯದು, ಹೊಗೆ ಒಳ್ಳೆಯದಲ್ಲ, ಸೌದೆಯ ಹೊಗೆಯಲ್ಲಿಯೂ ಹುಳಿ ಇರುತ್ತದೆ. ಚರ್ಮದ ಚೀಲದಲ್ಲಿಯೂ ಇಡಬೇಡಿ, ತೇವವನ್ನು ಹಿಡಿದಿಡುತ್ತದೆ. ಬೀಗವಿರುವ ಬೀರುವಿನಲ್ಲಿ, ಎಣ್ಣೆ ಬುಡಕ್ಕಿಳಿದು ಮರವನ್ನು ನೆನೆಸದಂತೆ ಬಾಯಿ ಕೆಳಗೆ ಮಾಡಿ ನಿಲ್ಲಿಸಿ. ಕೊಬ್ಬರಿ ಎಣ್ಣೆ ಬೇಡ, ಅದು ಚಳಿಗೆ ಹೆಪ್ಪುಗಟ್ಟುತ್ತದೆ, ಕಮಟಿದ ಮೇಲೆ ತಾನೇ ಹುಳಿಯಾಗುತ್ತದೆ. ಗ್ರೀಸನ್ನು ತೆಳ್ಳಗೆ ಸವರಿ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಬಿಳಿ ಬಟ್ಟೆ ಇಳಿಸಿ ನೋಡಿ.

ಹುಳಿಮಜ್ಜಿಗೆ (ಕೊಪ್ಪ)
ಹವಾಲ್ದಾರರೇ, ನಗಬೇಡಿ. ಅಜ್ಜನ ಕೋವಿಗೆ ಈಗಷ್ಟೇ ಗಜ ಇಳಿಸಿ ಅಳೆದೆ. ಅರ್ಧ ಅಂಗುಲದ ವ್ಯತ್ಯಾಸ ಬರುತ್ತಿದೆ. ಇದು ಈಡೋ, ಕಿಟ್ಟವೋ?

ಹಳೆ ಹವಾಲ್ದಾರ (ಹಾಸನ)
ನಗುವುದಿಲ್ಲ. ಅರ್ಧ ಅಂಗುಲವೆಂದರೆ ಬಹುಶಃ ಬುಡದಲ್ಲಿ ಗಟ್ಟಿಯಾದ ಕಿಟ್ಟವಿರಬಹುದು, ಬುಡದ ಆಕಾರವೇ ಹಾಗಿರಲೂಬಹುದು. ಆದರೂ ಈಡಿದೆಯೆಂದೇ ತಿಳಿದು ಕೇಪು ನೋಡಿಕೊಂಡು ನೀರು ಹೊಯ್ಯಿರಿ. ಹುಣಸೆಹಣ್ಣನ್ನು ಸಾರಿಗೆ ಇಟ್ಟುಕೊಳ್ಳಿ.